ತ್ರಿವೇಣಿಯವರ ಕಾದಂಬರಿಗಳನ್ನು ‘ಮನೋವೈಜ್ಞಾನಿಕ’ ಎನ್ನುವುದೇಕೆ?

ತ್ರಿವೇಣಿಯವರ ಕಥೆಗಳಲ್ಲಿ ಮುಖ್ಯ ಸಂಘರ್ಷ ನಡೆಯುವುದು ಪಾತ್ರದ ಮನಸ್ಸಿನೊಳಗೆ. ಹೊರಗಿನ ಘಟನೆಗಳು ಆ ಮನಸ್ಸನ್ನು ಕಲಕುವ ನಿಮಿತ್ತಗಳಷ್ಟೇ. ಅದಕ್ಕಾಗಿಯೇ ಈ ಹೆಸರು.

1928ರಲ್ಲಿ ಹುಟ್ಟಿದ ಅನಸೂಯಾ ಶಂಕರ್ ಅವರ ಕಾವ್ಯನಾಮವೇ ತ್ರಿವೇಣಿ. ಬಿ.ಎಂ.ಶ್ರೀ. ಅವರ ಮನೆತನಕ್ಕೆ ಸೇರಿದ ಇವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರವನ್ನು ಅಭ್ಯಾಸ ಮಾಡಿದ್ದರು. ಹೀಗಾಗಿ, ಜನರು ದೆವ್ವದ ಕಾಟವೆಂದೋ ಹಣೆಬರಹವೆಂದೋ ಕೈಬಿಡುತ್ತಿದ್ದ ಮನೋವ್ಯಥೆಯನ್ನು ಅವರು ಕಾರಣವೂ ಚಿಕಿತ್ಸೆಯೂ ಇರುವ ಕಾಯಿಲೆಯಾಗಿ ಕಂಡರು.

‘ಶರಪಂಜರ’ವನ್ನೇ ನೋಡಿ. ಹೆರಿಗೆಯ ನಂತರ ಮಾನಸಿಕ ಅಸ್ವಸ್ಥತೆಗೆ ಒಳಗಾದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳುತ್ತಾಳೆ. ಆದರೆ ಆಕೆ ನಕ್ಕರೂ ಸಿಟ್ಟಾದರೂ ಸುತ್ತಲಿನವರಿಗೆ ಅದರಲ್ಲಿ ಹುಚ್ಚೇ ಕಾಣುತ್ತದೆ; ಗಂಡನೂ ದೂರವಾಗುತ್ತಾನೆ. ವಾಸಿಯಾದ ಮನಸ್ಸನ್ನು ಮತ್ತೆ ಒಡೆಯುವುದು ರೋಗಕ್ಕಿಂತ ಹೆಚ್ಚಾಗಿ ಈ ಸಂಶಯದ ನೋಟವೇ ಎಂಬುದನ್ನು ಅವರು ಯಾವ ಉಪದೇಶವೂ ಇಲ್ಲದೆ, ಮನೆಮಾತಿನಷ್ಟು ಸರಳವಾದ ಕನ್ನಡದಲ್ಲಿ ತೋರಿಸಿದರು. ಕನ್ನಡದಲ್ಲಿ ಬಾಣಂತಿಯ ಮನಸ್ಸಿನ ನೋವನ್ನು ಇಷ್ಟು ಆಪ್ತವಾಗಿ ಚಿತ್ರಿಸಿದ ಕೃತಿಗಳು ಬಹಳ ವಿರಳವೆಂದೇ ನನ್ನ ಭಾವನೆ.

‘ಅಪಸ್ವರ’ದಿಂದ ಆರಂಭವಾದ ಅವರ ಬರವಣಿಗೆ ಸುಮಾರು ಹತ್ತು ವರ್ಷಗಳಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನು ಕೊಟ್ಟಿತು. ಪುಟ್ಟಣ್ಣ ಕಣಗಾಲ್ ಅವರು ‘ಬೆಳ್ಳಿಮೋಡ’ವನ್ನು 1967ರಲ್ಲಿ, ‘ಶರಪಂಜರ’ವನ್ನು 1971ರಲ್ಲಿ ತೆರೆಗೆ ತಂದಾಗ ಓದದವರಿಗೂ ಈ ಕಥೆಗಳು ಪರಿಚಯವಾದವು. ಅದನ್ನು ನೋಡಲು ತ್ರಿವೇಣಿಯವರಿರಲಿಲ್ಲ. 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ಅವರು ತೀರಿಕೊಂಡಿದ್ದರು. ಅಪೂರ್ಣವಾಗಿ ಉಳಿದಿದ್ದ ‘ಅವಳ ಮಗಳು’ ಕಾದಂಬರಿಯನ್ನು ಎಂ.ಸಿ. ಪದ್ಮಾ ಅವರು ಪೂರ್ಣಗೊಳಿಸಿದರು.