ವಸ್ತುಸಂಗ್ರಹಾಲಯಗಳ ವಸಾಹತು ಛಾಯೆ ಕಳೆಯುವುದೆಂದರೆ ಟಿಪ್ಪುವಿನ ಹುಲಿಯನ್ನು ವಾಪಸ್ ತರುವುದು ಮಾತ್ರವೇ?

ಅಲ್ಲ. ಆದರೆ ನಮ್ಮಲ್ಲಿ ಮಾತು ಶುರುವಾಗುವುದೇ ಆ ಹುಲಿಯಿಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಲೂಟಿಯಾದ ಆ ಮರದ ಹುಲಿ ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಸಂಗ್ರಹದ ವಸ್ತುಗಳನ್ನು ಸುಲಭವಾಗಿ ಬಿಟ್ಟುಕೊಡದಂತೆ ಬ್ರಿಟನ್ನಿನ 1983ರ ಕಾನೂನು ಅದರ ಕೈ ಕಟ್ಟಿದೆ. ನಮ್ಮ 1972ರ ಪ್ರಾಚ್ಯವಸ್ತು ಕಾಯಿದೆಗೂ ಅಲ್ಲಿ ಅಧಿಕಾರವಿಲ್ಲ.

ಇನ್ನೊಂದು ಪ್ರಶ್ನೆ ಮನೆಯ ಹತ್ತಿರದ್ದು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡದ ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಬ್ರಿಟಿಷ್ ಅಧಿಕಾರಿಗಳು ಹುಟ್ಟುಹಾಕಿದ ಸಂಸ್ಥೆ. ಅಲ್ಲಿ ಮಂಡ್ಯ ಸೀಮೆಯ ಆತಕೂರಿನ ಶಾಸನವಿದೆ, ಸುಮಾರು ಕ್ರಿ.ಶ. 949ರದು. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನೆಟ್ಟ ಕಲ್ಲು. ಇದನ್ನು ಪೂಜಿಸದೆ ಉಣ್ಣುವ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ಆ ನಾಯಿಯ ಪಾಪ ತಟ್ಟಲಿ ಎಂದು ಅದರಲ್ಲೇ ಬರೆದಿದೆ! ಊರಿನ ಗುಡಿಯ ಮುಂದೆ ನಿತ್ಯಪೂಜೆಗೆಂದು ನಿಂತ ಕಲ್ಲು ಈಗ ನೋಡುವ ವಸ್ತು. ಶಾಪದ ಮಾತನ್ನು ಯಾರೂ ಲೆಕ್ಕಕ್ಕಿಟ್ಟಂತಿಲ್ಲ. ಕಲ್ಲು ಉಳಿದದ್ದು ಇಲ್ಲಿಗೆ ಬಂದದ್ದರಿಂದಲೇ ಎನ್ನುವವರೂ ಇದ್ದಾರೆ, ಅವರ ಮಾತನ್ನು ತಳ್ಳಿಹಾಕಲಾರೆ.

ಹಾಗಾಗಿ ಮರಳಿಸುವುದರ ಜೊತೆಗೆ ಫಲಕದಲ್ಲಿ ರಾಜವಂಶ, ಇಸವಿ, ಶಿಲೆಯ ಜಾತಿಯಷ್ಟೇ ಇರದೆ, ಕಲ್ಲು ಎಲ್ಲಿಂದ, ಹೇಗೆ, ಯಾರ ಆಜ್ಞೆಯಿಂದ ಬಂತು ಎಂಬುದೂ ಇರಬೇಕು ಎನ್ನುವುದು ಈ ಪ್ರಯತ್ನದ ಭಾಗ. ಗ್ಲಾಸ್ಗೋ ನಗರದ ಸಂಗ್ರಹಾಲಯಗಳು 2022ರಲ್ಲಿ ಏಳು ವಸ್ತುಗಳನ್ನು ಭಾರತಕ್ಕೆ ಮರಳಿಸಲು ಒಪ್ಪಿದವು. ಆತಕೂರಿನವರನ್ನು ಕೂರಿಸಿ ಕಾಳಿಯ ಕತೆ ಕೇಳಿ ಫಲಕ ಬರೆಯಲು ಅಂಥ ಒಪ್ಪಂದವೇನೂ ಬೇಕಿಲ್ಲ.