ಮೇಲಿನ ಮನೆ ಬಾಡಿಗೆಗೋ, ಭೋಗ್ಯಕ್ಕೋ?

ಮೊದಲ ಮಹಡಿ ಖಾಲಿ ಇದೆ, ಬಾಡಿಗೆಗೆ ಬಿಟ್ಟರೆ ತಿಂಗಳಿಗೆ 11,000 ಬರುತ್ತೆ, ಒಂದು ಪಾರ್ಟಿ 10 ಲಕ್ಷ ಭೋಗ್ಯ (ಒಟ್ಟಿಗೆ ದುಡ್ಡು ಕೊಟ್ಟು ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಪೂರ್ತಿ ವಾಪಸ್ ತಗೊಳ್ಳೋದು) ಕೊಡೋಕೆ ತಯಾರಿದೆ, ತಂಗಿ ಮದುವೆ ಹತ್ತಿರ ಬಂತು, ಯಾವುದು ಲಾಭ ಅಂತ ಕೇಳಿದ್ದೀರಿ. 2013ರಲ್ಲಿ ನಮ್ಮ ಮನೇಲೂ ಇದೇ ಮಾತು ನಡೀತಿತ್ತು. ನಿಮಗೆ ಮದುವೆ, ನಮಗೆ ಮಹಡಿ, ಅಷ್ಟೇ ವ್ಯತ್ಯಾಸ.

ನಮ್ಮದು ಬೆಂಗಳೂರಿನ ಲಗ್ಗೆರೆಯಲ್ಲಿ ಟ್ವೆಂಟಿ ಥರ್ಟಿ ಸೈಟು. ಯಜಮಾನರು ಪೀಣ್ಯದಲ್ಲಿ ಲೇತ್ ಆಪರೇಟರ್ ಆಗಿದ್ದರು. ಕೆಳಗೆ ನಾವು, ಮೇಲೆ ಪಿಲ್ಲರ್ ಕಂಬಿಗಳು ತುಕ್ಕು ಹಿಡೀತಾ ನಿಂತಿದ್ದವು. ಹೊಲದ ಜಮೀನಲ್ಲಿ ಅನುಮೋದನೆ ಇಲ್ಲದೆ ಮಾಡಿದ ರೆವಿನ್ಯೂ ಸೈಟು, ಪಾಲಿಕೆ ಲೆಕ್ಕದಲ್ಲಿ ಪೂರ್ತಿ ಸಕ್ರಮವಲ್ಲದ ಬಿ ಖಾತೆ, ಹಾಗಾಗಿ ಬ್ಯಾಂಕಿನವರು ಪೇಪರ್ ನೋಡಿ ವಾಪಸ್ ಕೊಟ್ಟರು. ನಮ್ಮ ಬೀದೀಲಿ ಎರಡನೇ, ಮೂರನೇ ಮಹಡಿ ಎದ್ದಿದ್ದೆಲ್ಲ ಹೆಚ್ಚುಕಮ್ಮಿ ಭೋಗ್ಯದ ದುಡ್ಡಲ್ಲೇ. ಬಿ ಖಾತೆಯವರಿಗೆ ಬಾಡಿಗೆದಾರನೇ ಬ್ಯಾಂಕು. ನಾವೂ ಚೀಟಿ ಎತ್ತಿ, ನಮ್ಮಣ್ಣನ ಹತ್ರ ಕೈಸಾಲ ತಗೊಂಡು ಮೋಲ್ಡ್ ಹಾಕಿಸಿದ್ವಿ. ಮನೆ ಮುಗೀತಿದ್ದ ಹಾಗೆ 5 ಲಕ್ಷಕ್ಕೆ ಮೂರು ವರ್ಷದ ಭೋಗ್ಯಕ್ಕೆ ಕೊಟ್ಟು ಆ ಸಾಲ ತೀರಿಸಿದ್ವಿ. ದುಡ್ಡು ಬಂತು, ದುಡ್ಡು ಹೋಯ್ತು. ಉಳಿದಿದ್ದು ಮನೆ, ಜೊತೆಗೊಂದು ಛಾಪಾ ಕಾಗದ.

ನಾನು ಕೆಟ್ಟಿದ್ದು ಆ ಕಾಗದದಿಂದಲೇ. ದುಡ್ಡು ಖರ್ಚು ಮಾಡಿದ್ದು ತಪ್ಪು ಅಂತ ಎಲ್ಲರೂ ಬೈದರು. ಅದಲ್ಲ. ಭೋಗ್ಯದ ದುಡ್ಡನ್ನ ಬೀರುವಲ್ಲಿಟ್ಟು ಪೂಜೆ ಮಾಡೋಕೆ ಯಾರೂ ತಗೊಳ್ಳಲ್ಲ. ತಪ್ಪು ಆಗಿದ್ದು ಒಂದು ಸಾಲಲ್ಲಿ. "ಅವಧಿ ಮುಗಿದ ದಿನ ಮನೆ ಖಾಲಿ ಮಾಡತಕ್ಕದ್ದು, ಅದೇ ದಿನ ಪೂರ್ತಿ ಹಣ ಹಿಂದಿರುಗಿಸತಕ್ಕದ್ದು" ಅಂತ ಟೈಪ್ ಮಾಡೋನು ಬರೆದ, ಸರಿಯಾಗೇ ಇದೆ ಅಂತ ಸಹಿ ಹಾಕಿದೆ. ಖಾಲಿ ಮಾಡೋದಾದ್ರೆ ಎಷ್ಟು ದಿನ ಮುಂಚೆ ಹೇಳಬೇಕು? ಬರೆದಿಲ್ಲ. ಅವರು ಒಳಗಿರುವಾಗಲೇ ಹೊಸಬರಿಗೆ ಮನೆ ತೋರಿಸಬಹುದಾ? ಬರೆದಿಲ್ಲ. ಮನೆ ಬಿಟ್ಟ ಮೇಲೆ ದುಡ್ಡಿಗೆ ಸ್ವಲ್ಪ ಟೈಮ್ ಇದೆಯಾ? "ಅದೇ ದಿನ" ಅಂತ ನಾನೇ ಒಪ್ಪಿದ್ದೀನಲ್ಲ.

ಇದು ಯಾಕೆ ಇಷ್ಟು ದೊಡ್ಡ ವಿಷಯ ಅಂದ್ರೆ, ಹಳೇ ಪಾರ್ಟಿ ದುಡ್ಡು ಕೈಗೆ ಬರೋ ತನಕ ಬೀಗದ ಕೈ ಕೊಡಲ್ಲ. ಹೊಸ ಪಾರ್ಟಿ ಬೀಗದ ಕೈ ಸಿಗೋ ತನಕ ದುಡ್ಡು ಕೊಡಲ್ಲ. ಮಧ್ಯದಲ್ಲಿ ಓನರ್ ಅನ್ನಿಸ್ಕೊಂಡವಳ ಹತ್ರ ಎರಡೂ ಇಲ್ಲ. ಅದಕ್ಕೇ ನಮ್ಮ ಕಡೆ ಒಂದೇ ಬೆಳಿಗ್ಗೆ ಗೇಟ್ ಮುಂದೆ ಎರಡು ಲಗೇಜ್ ಆಟೋ ನಿಂತಿರ್ತವೆ. ಒಂದು ಇಳಿಸೋಕೆ, ಒಂದು ಹತ್ತಿಸೋಕೆ. ಸುಣ್ಣ ಬಣ್ಣಕ್ಕೂ ಪುರುಸೊತ್ತಿಲ್ಲ.

ನಮ್ಮ ಅವಧಿ ಮುಗಿಯೋದು 2016ರ ನವೆಂಬರ್ ಕೊನೇಲಿ. ಮುಂದುವರಿಸ್ತಾರೆ ಅಂತಾನೇ ನಾನಂದ್ಕೊಂಡಿದ್ದೆ. ದಸರಾ ಕಳೆದ ಮೇಲೆ ಆ ಹೆಂಗಸು ಕೆಳಗೆ ಬಂದು, "ಆಂಟಿ, ಊರಲ್ಲಿ ಮನೆ ಕಟ್ಟಿಸ್ತಿದ್ದೀವಿ, ಟೈಮಿಗೆ ಸರಿಯಾಗಿ ಖಾಲಿ ಮಾಡ್ತೀವಿ, ದುಡ್ಡು ರೆಡಿ ಮಾಡ್ಕೊಳ್ಳಿ" ಅಂದಳು. ಅವಳದ್ದೇನೂ ತಪ್ಪಿಲ್ಲ, ಕಾಗದದಲ್ಲಿ ಇದ್ದ ಹಾಗೇ ಹೇಳಿದಳು. ಗೇಟಿಗೆ ಬೋರ್ಡ್ ನೇತುಹಾಕಿದೆ, ಬ್ರೋಕರ್‌ಗೂ ಹೇಳಿದೆ. ಪುಣ್ಯಕ್ಕೆ 6 ಲಕ್ಷಕ್ಕೆ ಒಂದು ಪಾರ್ಟಿ ಸಿಕ್ಕಿ ಟೋಕನ್ ಅಡ್ವಾನ್ಸೂ ಕೊಟ್ಟರು.

ಆಮೇಲೆ ನವೆಂಬರ್ 8ರ ರಾತ್ರಿ ಟೀವೀಲಿ 500, 1,000ದ ನೋಟು ನಡೆಯಲ್ಲ ಅಂತ ಬಂತು. ಹೊಸ ಪಾರ್ಟಿಯ ದುಡ್ಡೆಲ್ಲ ಚೀಟಿ ಎತ್ತಿ ಮನೇಲಿಟ್ಟಿದ್ದ ನಗದು. "ಹಳೇ ನೋಟು ತಗೊಳ್ಳಿ, ಇಲ್ಲಾಂದ್ರೆ ಕಾಯಿರಿ" ಅಂದರು. ಹಳೇ ಪಾರ್ಟಿ ಹಳೇ ನೋಟು ಮುಟ್ಟಲ್ಲ ಅಂದ್ರು. ಬ್ಯಾಂಕಲ್ಲಿ ವಾರಕ್ಕೆ 24,000ಕ್ಕಿಂತ ಜಾಸ್ತಿ ತೆಗೆಯೋಕೆ ಬಿಡ್ತಿರಲಿಲ್ಲ. ಸ್ವಲ್ಪ ದಿನ ನೋಡಿ ಹೊಸಬರು ಟೋಕನ್ ವಾಪಸ್ ಇಸ್ಕೊಂಡು ಹೋದರು. ಹಳಬರು ಸಾಮಾನೆಲ್ಲ ಊರಿಗೆ ಸಾಗಿಸಿ, ರೂಮಲ್ಲಿ ಒಂದು ಮಂಚ, ಎರಡು ಡ್ರಮ್ ಬಿಟ್ಟು ತಮ್ಮದೇ ಬೀಗ ಹಾಕ್ಕೊಂಡು ಹೋದರು. ದುಡ್ಡು ಸಿಗೋ ತನಕ ಮನೆ ಅವರ ಕೈಲೇ. ಮೇಲೆ ಕಸ ಗುಡಿಸೋಕೂ ನನಗೆ ಹಕ್ಕಿಲ್ಲ. ಬಾಡಿಗೆ ಇಲ್ಲ, ಭೋಗ್ಯ ಇಲ್ಲ, ತಿಂಗಳುಗಟ್ಟಲೆ ಕತ್ತಲು ಮನೆ. ಕೊನೆಗೆ ಕರಿಮಣಿ ಸರ ಒಂದು ಬಿಟ್ಟು ಮಿಕ್ಕ ಒಡವೆಯೆಲ್ಲ ಅಡವಿಟ್ಟೆ. ಆಗ ಬೆಲೆಯ ಮುಕ್ಕಾಲಿಗಿಂತ ಹೆಚ್ಚು ಸಾಲ ಕೊಡ್ತಿರಲಿಲ್ಲವಲ್ಲ, ಉಳಿದದ್ದಕ್ಕೆ ಯಜಮಾನರು ಪಿಎಫ್ ತೆಗೆದರು. ಮೂರು ತಿಂಗಳ ಮುಂಚೆ ತಿಳಿಸಬೇಕು ಅನ್ನೋ ಒಂದೇ ಒಂದು ಸಾಲು ಆ ಕಾಗದದಲ್ಲಿ ಇದ್ದಿದ್ದರೆ ಆಗಸ್ಟಲ್ಲೇ ಬೋರ್ಡ್ ಬೀಳ್ತಿತ್ತು, ನವೆಂಬರ್ 8ಕ್ಕೆ ಮುಂಚೆ ಎಲ್ಲ ಮುಗಿದಿರ್ತಿತ್ತು. ಮೋದಿಯವರನ್ನ ಬೈದುಕೊಂಡವರು ಬೇಕಾದಷ್ಟು ಜನ. ನಾನು ಆ ಟೈಪ್ ಮಾಡಿದವನನ್ನೂ ಬೈದೆ, ಯೋಚಿಸದೆ ಸಹಿ ಹಾಕಿದ ನನ್ನನ್ನೂ ಬೈದುಕೊಂಡೆ.

ಈಗ ನಿಮ್ಮ ಲಾಭದ ಪ್ರಶ್ನೆ. ಅದು ಕೇಳಬೇಕಾದ ಪ್ರಶ್ನೆಯೇ ಅಲ್ಲ. 10 ಲಕ್ಷ ನಿಮ್ಮ ಆದಾಯ ಅಲ್ಲ, ಸಾಲ. ಬಡ್ಡಿ ಅಂತ ನೀವು ಬಿಟ್ಟುಕೊಡೋದು 11,000 ಬಾಡಿಗೆ, ವರ್ಷಕ್ಕೆ 1,32,000. ಅಂದ್ರೆ ನೂರಕ್ಕೆ 13.2ರ ಬಡ್ಡಿ. ಮೇಲಾಗಿ ಅಸಲು ಒಂದು ರೂಪಾಯಿಯೂ ಕರಗಲ್ಲ, ಮೂರು ವರ್ಷ ಆದಮೇಲೂ ಪೂರ್ತಿ 10 ಲಕ್ಷವೇ ಕೊಡಬೇಕು. ದುಡ್ಡು ಡಿಪಾಸಿಟ್ ಇಟ್ಟರೆ ಶೇಕಡಾ 7 ಅಂತ ಹಿಡಿದರೂ ವರ್ಷಕ್ಕೆ 70,000 ಬಂದೀತು, ಬಾಡಿಗೆಯ ಹತ್ತಿರಕ್ಕೂ ಬರಲ್ಲ. ನೀವು ಇಡೋದೂ ಇಲ್ಲ ಬಿಡಿ, ಮದುವೆ ಛತ್ರಕ್ಕೇ ಅರ್ಧ ಹೋಗುತ್ತೆ. ನಿಮ್ಮ ಮನೆ ಎ ಖಾತೆ, ಅಂದ್ರೆ ದಾಖಲೆ ಸಕ್ರಮ, ಅಂತ ಬರೆದಿದ್ದೀರಿ. ನಮಗಿಲ್ಲದ ಭಾಗ್ಯ ಅದು. ಮನೆ ಪತ್ರದ ಮೇಲೆ ಬ್ಯಾಂಕಲ್ಲಿ ಕೇಳಿ ನೋಡಿ, ಇದಕ್ಕಿಂತ ಕಮ್ಮಿ ಬಡ್ಡಿ ಹೇಳಿದರೆ ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಬರೋ ಬಾಡಿಗೆಯನ್ನ ಕಂತಿಗೆ ಹಾಕಿ, ಅಸಲೂ ತೀರುತ್ತಾ ಹೋಗುತ್ತೆ. 10 ಲಕ್ಷ ಬೇಕೇ ಬೇಕಾ ಅಂತ ತಂಗಿಯನ್ನೂ ಒಂದು ಮಾತು ಕೇಳಿ.

"ತಿಂಗಳು ತಿಂಗಳು ಬಾಡಿಗೆ ಕೇಳೋ ತಲೆನೋವು ಬೇಡ" ಅಂದಿದ್ದೀರಿ. ಭೋಗ್ಯದಲ್ಲಿ ತಲೆನೋವು ಇರಲ್ಲ ಅಂತ ಯಾರು ಹೇಳಿದ್ದು? ಸಂಪಿನ ಮೋಟಾರ್ ಸುಟ್ಟರೆ ಬಾಡಿಗೆ ಮನೇಲಿ ಆ ತಿಂಗಳ ಬಾಡಿಗೆಯಿಂದ ವೈಂಡಿಂಗ್ ಮಾಡಿಸ್ತೀರಿ. ಭೋಗ್ಯದಲ್ಲಿ ನಿಮ್ಮ ಸಂಬಳದಿಂದ. ಈಗ ನಮ್ಮ ಮೇಲಿನ ಮನೆಯವರು 5ನೇ ತಾರೀಕಿನೊಳಗೆ ಫೋನ್‌ಪೇ ಮಾಡ್ತಾರೆ. ತಡವಾದರೆ ಮೆಟ್ಟಿಲ ಹತ್ರ ಸಿಕ್ಕಾಗ "ಏನಮ್ಮಾ, ಸಂಬಳ ಆಗಲಿಲ್ವಾ" ಅಂತೀನಿ, ಸಂಜೆಗೆ ಬರುತ್ತೆ.

ಅಡ್ವಾನ್ಸ್ ಹತ್ತು ತಿಂಗಳದು ಕೇಳಬೇಡಿ. ಬೆಂಗಳೂರಿನ ಈ ಪದ್ಧತಿಯೂ ಭೋಗ್ಯದ ತಮ್ಮನೇ, ಹಿಂದಿರುಗಿಸುವಾಗ ಕಣ್ಣಲ್ಲಿ ನೀರು ಬರುತ್ತೆ. ನಾನು ಐದು ತಿಂಗಳದು ತಗೊಂಡು ಡಿಪಾಸಿಟ್ ಇಡ್ತೀನಿ, ಮುಟ್ಟಲ್ಲ. 11 ತಿಂಗಳ ಕರಾರು ಮಾಡಿಸಿ. ವರ್ಷ ದಾಟಿದ ಲೀಸನ್ನ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು, ನಮ್ಮ ಮೂರು ವರ್ಷದ ಕಾಗದಕ್ಕೆ ಅದೂ ಆಗಿರಲಿಲ್ಲ. ಕರಾರಲ್ಲಿ ಎರಡು ತಿಂಗಳ ನೋಟಿಸ್, ಆ ಅವಧೀಲಿ ಮನೆ ತೋರಿಸೋಕೆ ಒಪ್ಪಿಗೆ, ಬೋರ್ ಬತ್ತಿದರೆ ಟ್ಯಾಂಕರ್ ದುಡ್ಡು ಹೇಗೆ ಹಂಚೋದು, ಎಲ್ಲ ಕನ್ನಡದಲ್ಲೇ ಬರೆಸಿ ಓದಿ ಹೇಳಿ. ಗೃಹಜ್ಯೋತಿಯ ಉಚಿತ ಕರೆಂಟಿಗೆ ಬಾಡಿಗೆಯವರು ತಮ್ಮ ಆಧಾರನ್ನ ನಿಮ್ಮ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರಿಗೆ ಲಿಂಕ್ ಮಾಡಿಸ್ಕೊಳ್ತಾರೆ, ಖಾಲಿ ಮಾಡುವಾಗ ಡಿಲಿಂಕ್ ಮಾಡಿಸಿ ಆಮೇಲೆ ಅಡ್ವಾನ್ಸ್ ಕೊಡಿ.

ಇಷ್ಟು ಹೇಳಿದ ಮೇಲೂ ಭೋಗ್ಯಕ್ಕೇ ಕೊಡ್ತೀನಿ ಅನ್ನೋದಾದರೆ ರಿಜಿಸ್ಟರ್ ಮಾಡಿಸಿ, ದುಡ್ಡು ಅಕೌಂಟಿಗೇ ಹಾಕಿಸ್ಕೊಳ್ಳಿ. 20,000ದಿಂದ ಮೇಲಿನ ಸಾಲ, ಠೇವಣಿಯನ್ನ ನಗದಲ್ಲಿ ತಗೊಂಡರೆ ಆದಾಯ ತೆರಿಗೆಯವರು ಅಷ್ಟೇ ಮೊತ್ತದ ದಂಡ ಹಾಕಬಹುದು. ಖಾಲಿ ಮಾಡೋ ವಿಷಯ ಮೂರು ತಿಂಗಳ ಮುಂಚೆ ತಿಳಿಸಬೇಕು, ಬೀಗದ ಕೈ ಕೊಟ್ಟು ಹದಿನೈದು ದಿನಕ್ಕೆ ದುಡ್ಡು ಅಂತ ಬರೆಸಿ. ಇದಕ್ಕೆ ಪಾರ್ಟಿ ಒಪ್ಪದಿದ್ದರೆ ಬಿಟ್ಟುಬಿಡಿ, 11,000ಕ್ಕೆ ಬರೋರು ಬೇಕಾದಷ್ಟು ಜನ ಇದ್ದಾರೆ.