ನಾವು ನೋಡುತ್ತಾ ನಿಂತರೆ ಹಾಲು ಉಕ್ಕುವುದಿಲ್ಲ, ಅತ್ತ ತಿರುಗಿದ ಕೂಡಲೇ ಉಕ್ಕುತ್ತದೆ. ಯಾಕೆ?

ಹಾಲಿಗೆ ನಾಚಿಕೆ ಜಾಸ್ತಿ ಅಂತ ಗೆಳೆಯರೊಬ್ಬರ ವಾದ. ಹಾಗಿದ್ದರೆ ಗೃಹಪ್ರವೇಶದ ದಿನ ನೆಂಟರೆಲ್ಲ ಸುತ್ತ ನಿಂತಿರುವಾಗ ಹೇಗೆ ಉಕ್ಕುತ್ತದೆ ಸ್ವಾಮಿ?

ನೀರು ಕುದಿಯುವಾಗ ಆವಿಯ ಗುಳ್ಳೆಗಳು ಮೇಲೆ ಬಂದು ಪಟಪಟ ಒಡೆಯುತ್ತವೆ. ಹಾಲಿನಲ್ಲೂ ಮುಕ್ಕಾಲಿಗಿಂತ ಹೆಚ್ಚು ನೀರೇ ಇದೆ, ಆದರೆ ಜೊತೆಗೆ ಪ್ರೋಟೀನ್ ಮತ್ತು ಕೊಬ್ಬು ಇವೆ. ಬಿಸಿಯಾದಾಗ ಇವು ಸೇರಿ ಮೇಲೆ ತೆಳ್ಳಗೆ ಕೆನೆ ಕಟ್ಟುತ್ತವೆ. ಪ್ರೋಟೀನ್ ಗುಳ್ಳೆಗಳ ಸುತ್ತಲೂ ಅಂಟಿಕೊಂಡು ಅವು ಬೇಗ ಒಡೆಯದಂತೆ ನೋಡಿಕೊಳ್ಳುತ್ತದೆ. ಕೆಳಗಿನಿಂದ ಆವಿ ಬರುತ್ತಲೇ ಇರುತ್ತದೆ, ಮೇಲೆ ದಾರಿಯಿಲ್ಲ. ನೊರೆಯೆಲ್ಲ ಕೆನೆಯನ್ನು ಎತ್ತಿಕೊಂಡು ಮೇಲೇಳುತ್ತದೆ.

ಮೋಸ ಇರುವುದು ಸಮಯದಲ್ಲಿ. ಕುದಿಯುವ ತನಕ ನಿಮಿಷಗಟ್ಟಲೆ ಪಾತ್ರೆಯಲ್ಲಿ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಆಮೇಲೆ ಕೆಲವೇ ಸೆಕೆಂಡಿನಲ್ಲಿ ಒಲೆ ತುಂಬಾ ಹಾಲು! ಆ ಬೇಸರದಲ್ಲೇ ಅಲ್ವಾ ನಾವು ಮೊಬೈಲ್ ನೋಡುವುದು? ನೋಡುತ್ತಾ ನಿಂತಿದ್ದರೆ ಅಂಚಿನಲ್ಲಿ ನೊರೆ ಕಂಡ ತಕ್ಷಣ ಉರಿ ಸಣ್ಣ ಮಾಡುತ್ತೇವೆ. ಅದು ಯಾರಿಗೂ ನೆನಪಿರುವುದಿಲ್ಲ. ಒಲೆ ಒರೆಸಿದ್ದು ಮಾತ್ರ ಚೆನ್ನಾಗಿ ನೆನಪಿರುತ್ತದೆ.

ಹಾಲಿನೊಳಗೆ ಒಂದು ಸೌಟು ಬಿಟ್ಟು ಆಗಾಗ ಆಡಿಸಿ, ಕೆನೆ ಒಡೆದು ಆವಿಗೆ ದಾರಿಯಾಗುತ್ತದೆ. ಅಷ್ಟೂ ಪುರುಸೊತ್ತಿಲ್ಲದಿದ್ದರೆ ಸೀಟಿ ಹೊಡೆಯುವ ಹಾಲಿನ ಕುಕ್ಕರ್ ತನ್ನಿ. ಅದರ ಎರಡು ಪದರದ ನಡುವೆ ನೀರಿರುವುದರಿಂದ ಉರಿ ನೇರವಾಗಿ ಹಾಲಿಗೆ ತಾಗುವುದಿಲ್ಲ. ಸೀಟಿ ಕೇಳಿದ ಮೇಲೂ ಎದ್ದು ಹೋಗದವರಿಗೆ ಮಾತ್ರ ನನ್ನ ಹತ್ತಿರ ಉಪಾಯವಿಲ್ಲ.